ಕುರಿ ಹಾಲಿಗೆ ಸೊಪ್ಪು, ಕಾಯಿ, ಹಿಂಡಿ

"ಕುರಿಗೆ ಏನು ಹಾಕಿದ್ರೆ ಹಾಲು ಜಾಸ್ತಿ ಆಗುತ್ತೆ?" ಮರಿ ಹಾಕುವ ಕಾಲ ಬಂತೆಂದರೆ ನಮ್ಮ ಚಳ್ಳಕೆರೆ ಸೀಮೆಯಲ್ಲಿ ಈ ಮಾತು ಕೇಳದ ಹಟ್ಟಿ ಇಲ್ಲ. ಪೇಟೆಯವರಿಗೆ ಇದು ವಿಚಿತ್ರ ಅನ್ನಿಸಬಹುದು. ಕುರಿ ಹಾಲನ್ನು ಡೇರಿಗೆ ಹಾಕುವವರು ಯಾರಿದ್ದಾರೆ? ಯಾರೂ ಇಲ್ಲ. ನಮ್ಮ ಕುರಿ ಹಾಲಿಗೆ ಮೊದಲ ಗಿರಾಕಿ ಮರಿ. ಮರಿ ಕುಡಿದು ಬಿಟ್ಟದ್ದು ಮನೆಯ ಟೀಗೆ, ಮೊಸರಿಗೆ. ವಲಸೆ ಹೋಗುವ ಕುರಿಗಾಹಿಗಳಿಗಂತೂ ಹಿಂಡಿನ ಹಾಲೇ ಹಾಲು.

ಹಾಗಂತ ಇದು ಸಣ್ಣ ವಿಷಯ ಅಲ್ಲ. ಮರಿ ಒಂದು ಕೆ.ಜಿ. ತೂಕ ಏರಬೇಕಾದರೆ ಹೆಚ್ಚುಕಡಿಮೆ 5 ಲೀಟರ್ ತಾಯಿ ಹಾಲು ಬೇಕು. ದಿನಕ್ಕೆ 100 ಗ್ರಾಂ ಏರಲಿ ಅಂದರೆ ಅರ್ಧ ಲೀಟರ್ ಆಯ್ತು. ಜೋಡಿ ಮರಿ ಇದ್ದರೆ ಒಂದು ಲೀಟರ್. ನಮ್ಮ ನಾಡ ಕುರಿ ದಿನಕ್ಕೆ ಒಂದು ಲೀಟರ್ ಇಳಿಸುವುದು ಅಪರೂಪ. ಹಿಂದೆ ನಮ್ಮ ಕುರಿಗಳು ಒಂದೊಂದೇ ಮರಿ ಹಾಕುತ್ತಿದ್ದವು, ಹೇಗೋ ನಡೀತಿತ್ತು. ಈಗ ಮಹಾರಾಷ್ಟ್ರದ ಫಲ್ಟಣದಲ್ಲಿ ಬೆಳೆಸಿದ 'ನಾರಿ ಸುವರ್ಣ' ತಳಿಯ ಟಗರು ತಂದು ಕಟ್ಟಿದವರು ಬಹಳ ಜನ ಇದ್ದಾರೆ. ಬಂಗಾಳದ ಗರೋಲ್ ಕುರಿಯ ಅವಳಿ ಹೆರುವ ಗುಣವನ್ನು ದಖನಿ ಕುರಿಗೆ ಸೇರಿಸಿ ಮಾಡಿದ ತಳಿ ಅದು. ಮರಿ ಎರಡು ಬಂತು ಅಂತ ಮನೆಯಲ್ಲಿ ಸಂತೋಷ. ಆದರೆ ಎರಡನೆಯದು ಹದಿನೈದು ದಿನಕ್ಕೆ ಬೆನ್ನು ಗೂನು ಮಾಡಿ ನಿಂತರೆ ಆ ಸಂತೋಷ ಎಲ್ಲಿ ಉಳೀತು? ಅವಳಿ ತಂದುಕೊಳ್ಳುವವರು ಮೊದಲು ಹಾಲಿನ ಲೆಕ್ಕ ಹಾಕಬೇಕು.

ನಮ್ಮದು ಹತ್ತು ಎಕರೆ ಬೆದ್ದಲು. ಶೇಂಗಾ, ಸಜ್ಜೆ, ತೊಗರಿ, ಮಳೆ ಆದರೆ ಈರುಳ್ಳಿ. ಇಪ್ಪತ್ತೆರಡು ಕುರಿ, ನಾಲ್ಕು ಮೇಕೆ. ಹಸಿರು ಹುಲ್ಲು ಬೆಳೆಯಲು ನೀರಿಲ್ಲ. ಹಾಗಾಗಿ ನಾನಿಲ್ಲಿ ಬರೆಯುತ್ತಿರುವುದೆಲ್ಲ ಬೇಲಿ ಮೇಲೆ, ಬದುವಿನ ಮೇಲೆ, ಗಾಣದ ಬಾಗಿಲಲ್ಲಿ ಸಿಗುವ ಪದಾರ್ಥಗಳ ಬಗ್ಗೆ.

ಹಾಲು ಎಲ್ಲಿಂದ ಬರುತ್ತೆ

ಕುರಿಯ ದೊಡ್ಡ ಹೊಟ್ಟೆ ಅಂದರೆ ಒಂದು ಹುಳಿ ಹಾಕಿದ ಗಡಿಗೆ ಇದ್ದ ಹಾಗೆ. ಅದರಲ್ಲಿ ಕೋಟಿಗಟ್ಟಲೆ ಸೂಕ್ಷ್ಮಾಣುಗಳು. ಕುರಿ ತಿಂದದ್ದನ್ನು ಮೊದಲು ತಿನ್ನುವವರು ಅವರು. ಅವರು ದಂಟು, ಹೊಟ್ಟಿನ ನಾರನ್ನು ಕೊಳೆಸಿ ಮಾಡುವ ಒಂದು ಹುಳಿಯೇ ರಕ್ತದಲ್ಲಿ ಕೆಚ್ಚಲಿಗೆ ಹೋಗಿ ಬೆಣ್ಣೆ ಆಗುತ್ತೆ. ಕಾಳು, ನುಚ್ಚು ಕೊಳೆತರೆ ಬರುವ ಹುಳಿಯೇ ಬೇರೆ. ಅದು ಸಕ್ಕರೆಯಾಗಿ ಹಾಲಿನ ಅಳತೆ ಹೆಚ್ಚಿಸುತ್ತೆ, ಬೆಣ್ಣೆ ಹೆಚ್ಚಿಸುವುದಿಲ್ಲ. ಅದಕ್ಕೇ ಬರೀ ಜೋಳದ ನುಚ್ಚು ಸುರಿದರೆ ಹಾಲು ನೀರಾಗುತ್ತೆ. ದಂಟನ್ನು ಮಿಷನ್ನಿಗೆ ಹಾಕಿ ಹಿಟ್ಟು ಮಾಡಿ ಕೊಟ್ಟರೂ ಅದೇ ಪಾಡು. ಉದ್ದ ಮೇವು ಇದ್ದರೆ ಕುರಿ ಮೆಲುಕು ಹಾಕುತ್ತೆ, ಮೆಲುಕು ಹಾಕಿದರೆ ಜೊಲ್ಲು ಇಳಿಯುತ್ತೆ, ಜೊಲ್ಲಿನಲ್ಲಿ ಸೋಡಾದ ಅಂಶ ಇರುವುದರಿಂದ ಹೊಟ್ಟೆ ವಿಪರೀತ ಹುಳಿ ಆಗದೆ ನಾರು ತಿನ್ನುವ ಸೂಕ್ಷ್ಮಾಣುಗಳು ಬದುಕುತ್ತವೆ.

ಕುರಿ ಹಾಲು ಸ್ವಭಾವದಲ್ಲೇ ಗಟ್ಟಿ. ಹಸುವಿನ ಹಾಲಲ್ಲಿ ಕೊಬ್ಬು 4 ಪರ್ಸೆಂಟ್ ಆಸುಪಾಸು, ಮೇಕೆಯದ್ದೂ ಹಾಗೇ, ಕುರಿಯದ್ದು 6ರಿಂದ 7. ಪ್ರೋಟೀನೂ ಹಸುವಿನದ್ದಕ್ಕಿಂತ ಹೆಚ್ಚು. ಕುರಿ ಹಾಲಿನ ಮೊಸರನ್ನು ಚಾಕುವಿನಲ್ಲಿ ಕುಯ್ಯಬಹುದು ಅನ್ನೋದು ಸುಳ್ಳಲ್ಲ. ಫ್ರಾನ್ಸಿನಲ್ಲಿ ಲಕೋನ್ ಅಂತ ಒಂದು ಕುರಿ ತಳಿ ಇದೆ, ಅದರ ಹಾಲಿನಿಂದಲೇ ರೋಕ್‌ಫೋರ್ಟ್ ಅನ್ನುವ ಹೆಸರುವಾಸಿ ಚೀಸ್ ಮಾಡುತ್ತಾರೆ. ಅಲ್ಲಿ ಕುರಿ ಕರೆಯುವುದೇ ಒಂದು ಕಸುಬು.

ಇನ್ನೊಂದು ಮುಖ್ಯ ಮಾತು. ಒಣ ಜೋಳದ ದಂಟಿನಲ್ಲಿ ಪ್ರೋಟೀನ್ ನೂರಕ್ಕೆ ಮೂರು ನಾಲ್ಕು ಭಾಗ ಮಾತ್ರ. ಒಟ್ಟು ಮೇವಿನಲ್ಲಿ ಏಳು ಭಾಗಕ್ಕಿಂತ ಕೆಳಗಿಳಿದರೆ ಹೊಟ್ಟೆಯ ಸೂಕ್ಷ್ಮಾಣುಗಳೇ ಉಪವಾಸ ಬೀಳುತ್ತವೆ. ಆಗ ಕುರಿಯ ಮುಂದೆ ಮೇವಿನ ರಾಶಿ ಇದ್ದರೂ ಅದು ಕರಗುವುದಿಲ್ಲ, ಹೊಟ್ಟೆ ತುಂಬಿದ ಹಾಗೆ ಕಂಡರೂ ಕೆಚ್ಚಲು ಖಾಲಿ. ಒಂದು ಹಿಡಿ ಹಸಿ ಸೊಪ್ಪು ಬಿದ್ದರೆ ಆ ಸೊಪ್ಪಿನ ಸತ್ವ ಮಾತ್ರ ಸಿಗುವುದಲ್ಲ, ದಂಟೂ ಕರಗಲು ಶುರುವಾಗುತ್ತೆ. ಬೇಸಿಗೆಯಲ್ಲಿ ಸೊಪ್ಪಿಗೆ ಇಷ್ಟು ಬೆಲೆ ಇರೋದು ಅದಕ್ಕೇ.

ಈಯುವುದಕ್ಕೆ ಮುಂಚೆ

ಬಹಳ ಜನ ಕುರಿ ಈದ ಮಾರನೆ ದಿನ ಹಿಂಡಿ ತರಲು ಓಡುತ್ತಾರೆ. ಅಷ್ಟರಲ್ಲಿ ಅರ್ಧ ಕೆಲಸ ಮುಗಿದಿರುತ್ತೆ. ಕುರಿಯ ಗಬ್ಬ ಐದು ತಿಂಗಳು. ಹೊಟ್ಟೆಯ ಮರಿ ಬೆಳೆಯುವುದರಲ್ಲಿ ಮೂರರಲ್ಲಿ ಎರಡು ಪಾಲು ಕೊನೆಯ ಆರು ಏಳು ವಾರದಲ್ಲೇ. ಕೆಚ್ಚಲು ಕಟ್ಟುವುದೂ ಆಗಲೇ. ಆ ಹೊತ್ತಿಗೆ ಮರಿ ಹೊಟ್ಟೆಯಲ್ಲಿ ಜಾಗ ಹಿಡಿದಿರುತ್ತೆ, ಒಣ ಮೇವು ಹೆಚ್ಚು ತಿನ್ನಲು ಕುರಿಗೆ ಆಗುವುದಿಲ್ಲ. ಕಡಿಮೆ ಜಾಗದಲ್ಲಿ ಹೆಚ್ಚು ಸತ್ವ ಇರುವಂಥದ್ದು ಬೇಕು. ಅವಳಿ ಹೊತ್ತ ಕುರಿ ಇದು ಸಿಗದಿದ್ದರೆ ತನ್ನ ಮೈಯ ಕೊಬ್ಬನ್ನೇ ಕರಗಿಸಿ, ಅದರ ನಂಜಿನಿಂದ ಮಂಕಾಗಿ, ಮೇವು ಬಿಟ್ಟು ಗೋಡೆಗೆ ತಲೆ ಒತ್ತಿ ನಿಲ್ಲುತ್ತೆ. ನಮ್ಮಲ್ಲಿ ಅದಕ್ಕೆ ಗಾಳಿ ಸೋಕಿತು ಅಂತಾರೆ. ಗಾಳಿಯಲ್ಲ, ಹಸಿವು.

ಹಾಗಾಗಿ ಗಬ್ಬದ ಕೊನೆಯ ಒಂದೂವರೆ ತಿಂಗಳು ಮತ್ತು ಈದ ಮೇಲೆ ಎರಡು ತಿಂಗಳು. ಇಷ್ಟೇ ಕಾಲ ಕೈ ತಿಂಡಿ ಹಾಕುವುದು. ಈದ ಮೂರು ನಾಲ್ಕು ವಾರಕ್ಕೆ ಹಾಲು ಶಿಖರ ಮುಟ್ಟಿ ಇಳಿಯಲು ಶುರುವಾಗುತ್ತೆ. ವರ್ಷ ಪೂರ್ತಿ ಎಲ್ಲ ಕುರಿಗೂ ಹಾಕುವಷ್ಟು ದುಡ್ಡು ಬೆದ್ದಲಿನವನಿಗೆ ಎಲ್ಲಿದೆ?

ಬೇಲಿ ಮೇಲಿನ ಸೊಪ್ಪು

ನಮ್ಮ ಗುಡ್ಡದ ಕಮರ, ಹೊಲದ ಬನ್ನಿ, ಬದುವಿನ ಎಲಚಿ. ಈ ಮೂರೂ ಕುರಿ ಬಾಯಿಗೆ ಬಿದ್ದದ್ದೇ ಸೊಪ್ಪು. ನುಗ್ಗೆ ಸೊಪ್ಪು ಎಲ್ಲಕ್ಕಿಂತ ಮೇಲು. ಒಣಗಿಸಿದ ನುಗ್ಗೆ ಎಲೆಯಲ್ಲಿ ಕಾಲು ಭಾಗದಷ್ಟು ಪ್ರೋಟೀನು, ಸುಣ್ಣದ ಅಂಶವೂ ಬೇಕಾದಷ್ಟು. ಹಾಲಲ್ಲಿ ಸುಣ್ಣ ಹೋಗುತ್ತಲ್ಲ, ಅದಕ್ಕೆ ಒಳ್ಳೇದು. ಕಾಯಿ ಕಿತ್ತ ಮೇಲೆ ಕೊಂಬೆ ಸವರುತ್ತೀರಲ್ಲ, ಆ ಸೊಪ್ಪನ್ನು ತಿಪ್ಪೆಗೆ ಹಾಕಬೇಡಿ.

ಚೊಗಚೆ ಸೊಪ್ಪೂ ಹಾಗೇ. ಇದಕ್ಕೆ ಕೆಲವು ಕಡೆ ಅಗಸೆ ಅಂತಲೂ ಹೆಸರು. ಎಣ್ಣೆ ತೆಗೆಯುವ ಅಗಸೆ ಬೇರೆ, ಅದರ ಹಿಂಡಿ ಬೇರೆ, ಗೊಂದಲ ಬೇಡ. ಆ ಅಗಸೆ ಹಿಂಡಿ ಬಿಜಾಪುರ, ಬಾಗಲಕೋಟೆ ಕಡೆ ಸಿಗುತ್ತೆ. ಗಾಣದ್ದಾದರೆ ಅದರಲ್ಲಿ ಉಳಿದ ಎಣ್ಣೆ ಹಾಲಿನ ಕೊಬ್ಬಿನ ಗುಣವನ್ನೇ ಬದಲಿಸುತ್ತೆ, ತುಪ್ಪ ಮೆತ್ತಗಾಗುತ್ತೆ. ಈಗ ಒಮೆಗಾ-3 ಅಂತ ಡಾಕ್ಟರುಗಳು ಹೇಳುತ್ತಾರಲ್ಲ, ಅದು ಹೆಚ್ಚುತ್ತೆ. ಹಸಿರು ಮೇದ ಕುರಿಯ ಹಾಲಲ್ಲೂ ಅದು ಹೆಚ್ಚು.

ಸುಬಾಬುಲ್ ವಿಷಯ ಸ್ವಲ್ಪ ಹೇಳಲೇಬೇಕು. 1970-80ರ ದಶಕದಲ್ಲಿ ಇದು ಮೇವಿನ ಕಾಮಧೇನು ಅಂತ ಊರೂರಿಗೆ ಬಂತು. ಸೊಪ್ಪು ನಿಜಕ್ಕೂ ಒಳ್ಳೇದು. ಆದರೆ ಅದರಲ್ಲಿ ಮಿಮೊಸಿನ್ ಅಂತ ಒಂದು ನಂಜಿದೆ. ಅದನ್ನೇ ಹೊಟ್ಟೆ ತುಂಬ ಹಾಕಿದರೆ ಉಣ್ಣೆ ಕಿತ್ತು ಬರುತ್ತೆ, ಗಂಟಲ ಗಡ್ಡೆ ಊದುತ್ತೆ, ಜೊಲ್ಲು ಸುರಿಸಿಕೊಂಡು ಮೇವು ಬಿಡುತ್ತವೆ. ಹವಾಯಿ ದ್ವೀಪದ ಮೇಕೆಗಳು ಮಾತ್ರ ಎಷ್ಟು ತಿಂದರೂ ಏನೂ ಆಗದೆ ಇರುವುದನ್ನು ಆಸ್ಟ್ರೇಲಿಯದ ರೇಮಂಡ್ ಜೋನ್ಸ್ ಅನ್ನುವ ವಿಜ್ಞಾನಿ ಗಮನಿಸಿ, ಅವುಗಳ ಹೊಟ್ಟೆಯ ಒಂದು ಸೂಕ್ಷ್ಮಾಣು ಆ ನಂಜನ್ನು ತಿನ್ನುತ್ತದೆ ಅಂತ 1980ರ ದಶಕದಲ್ಲಿ ತೋರಿಸಿದರು. ಆ ಸೂಕ್ಷ್ಮಾಣುವಿಗೆ ಅವರ ಹೆಸರನ್ನೇ ಸೇರಿಸಿದ್ದಾರೆ. ನಮ್ಮ ಕುರಿ ಹೊಟ್ಟೆಯಲ್ಲಿ ಅದು ಇದೆಯೋ ಇಲ್ಲವೋ ನೋಡಿದವರು ಯಾರು? ಅದಕ್ಕೆ ಒಟ್ಟು ಮೇವಿನಲ್ಲಿ ಮೂರನೇ ಒಂದು ಭಾಗ ದಾಟಿಸದೆ ಹಾಕುವುದೇ ಲೇಸು.

ಎಕ್ಕೆ, ಆಲ, ಅತ್ತಿ ಇವು ಮುರಿದರೆ ಹಾಲು ಬರುತ್ತೆ, ಅದಕ್ಕೆ ಇವುಗಳ ಸೊಪ್ಪು ತಿಂದರೆ ಹಾಲು ಹೆಚ್ಚು ಅಂತ ಹಳಬರ ನಂಬಿಕೆ. ಆಲದ ಸೊಪ್ಪು ಮೇವಾಗಿ ಪರವಾಗಿಲ್ಲ, ಆದರೆ ಗಿಡದ ಹಾಲಿಗೂ ಕೆಚ್ಚಲ ಹಾಲಿಗೂ ಸಂಬಂಧ ಇಲ್ಲ. ಎಕ್ಕೆ ನಂಜಿನ ಗಿಡ, ಅದನ್ನು ಕಡಿದು ತಂದು ಹಾಕುವುದಂತೂ ಬೇಡ. ಕಣಗಿಲೆ, ಲಂಟಾನಾ, ಹರಳಿನ ಬೀಜ, ಹರಳು ಹಿಂಡಿ ಇವು ಜೀವ ತೆಗೆಯುವಂಥವು. ಮಳೆ ಕೈಕೊಟ್ಟು ಬಾಡಿದ ಎಳೇ ಜೋಳದ ಪೈರಿಗೆ ಕುರಿ ನುಗ್ಗಿದರೂ ಅಷ್ಟೆ, ಗಳಿಗೆಯಲ್ಲಿ ಉರುಳುತ್ತವೆ.

ಜಾಲಿ ಕಾಯಿ

ಬಳ್ಳಾರಿ ಜಾಲಿಯನ್ನು ಬೈಯದ ರೈತ ಇಲ್ಲ. 1870ರ ದಶಕದಲ್ಲಿ ಕಡಪ ಕಡೆ ತಂದು ನೆಟ್ಟದ್ದು ಇವತ್ತು ನಮ್ಮ ಕೆರೆ ಅಂಗಳವನ್ನೆಲ್ಲ ನುಂಗಿದೆ. ಅದರ ಎಲೆಯನ್ನು ಕುರಿ ಮೂಸಿಯೂ ನೋಡುವುದಿಲ್ಲ. ಆದರೆ ಬೇಸಿಗೆಯಲ್ಲಿ ಉದುರುವ ಹಳದಿ ಕಾಯಿ ಬೆಲ್ಲದ ಹಾಗೆ ಸಿಹಿ. ಸಕ್ಕರೆಯೂ ಇದೆ, ನೂರಕ್ಕೆ ಹತ್ತು ಹನ್ನೆರಡು ಭಾಗ ಪ್ರೋಟೀನೂ ಇದೆ. ಬೇರೇನೂ ಇಲ್ಲದ ಏಪ್ರಿಲ್-ಮೇ ತಿಂಗಳಲ್ಲಿ ಪುಕ್ಕಟೆ ಸಿಗುವ ತಿಂಡಿ ಇದು.

ಇಡೀ ಕಾಯಿ ಹಾಕಬೇಡಿ. ಬೀಜಕ್ಕೆ ಗಟ್ಟಿ ಹೊದಿಕೆ. ಅರಗದೆ ಹಿಕ್ಕೆಯಲ್ಲಿ ಹಾಗೇ ಬೀಳುತ್ತೆ. ಆ ಗೊಬ್ಬರ ಹೊಲಕ್ಕೆ ಹೋದರೆ ಮೊದಲ ಮಳೆಗೆ ಹೊಲದ ತುಂಬ ಜಾಲಿ ಸಸಿ. ಕುರಿ ಮಂದೆ ನಿಲ್ಲಿಸಿಕೊಳ್ಳುವ ಹೊಲದವರು ಈಗೀಗ ಇದನ್ನೇ ಕೇಳುತ್ತಾರೆ: "ಜಾಲಿ ಕಾಯಿ ತಿಂದ ಕುರಿಯೋ?" ಅಂತ. ಬೀಜದಲ್ಲಿರುವ ಪ್ರೋಟೀನೂ ಕುರಿಗೆ ದಕ್ಕದೆ ಹೋಗುತ್ತೆ. ನಾವು ಮಾಡುವುದು ಇಷ್ಟು: ಕಾಯಿ ಆರಿಸಿ ಎರಡು ದಿನ ಬಂಡೆ ಮೇಲೆ ಕಾಯಿಸಿ, ನಡುಮಧ್ಯಾಹ್ನ ಗರಗರ ಅನ್ನುವಾಗಲೇ ಮಿಷನ್ನಿಗೆ ಹಾಕಿಸುವುದು. ಸಂಜೆ ತಂಪಿಗೆ ಹಾಕಿದರೆ ಸಿಹಿ ಅಂಟಿಗೆ ಮಿಷನ್ ಕಟ್ಟಿಕೊಂಡು ಮಿಷನ್ನಿನವನ ಬೈಗುಳ ತಿನ್ನಬೇಕಾಗುತ್ತೆ.

ಒಂದು ಕುರಿಗೆ ದಿನಕ್ಕೆ 150-200 ಗ್ರಾಂ ಪುಡಿ ಸಾಕು. ತಿಂಗಳಾನುಗಟ್ಟಲೆ ಅದನ್ನೇ ತಿಂದು ಬದುಕಿದ ದನ-ಮೇಕೆಗಳಿಗೆ ದವಡೆಯ ಶಕ್ತಿ ಹೋಗಿ, ಬಾಯಿ ಸೊಟ್ಟಗಾಗಿ, ಮೇವು ಅಗಿಯಲಾಗದೆ ಸೊರಗುವ ರೋಗ ಬ್ರೆಜಿಲ್ ದೇಶದಲ್ಲಿ ಚೆನ್ನಾಗಿ ಗೊತ್ತಿರುವಂಥದ್ದು.

ಕರಿಜಾಲಿ ಕಾಯಿಯ ದಾರಿ ಬೇರೆ. ಇದು ಒಗರು. ಚರ್ಮ ಹದ ಮಾಡುವವರು ಬಳಸುವ ಕಾಯಿ ಇದೇ ಅಂದ ಮೇಲೆ ಒಗರು ಎಷ್ಟಿರಬೇಕು ನೋಡಿ. ಚರ್ಮವನ್ನು ಬಿಗಿ ಮಾಡುವ ಆ ಒಗರೇ ಹೊಟ್ಟೆಯಲ್ಲಿ ಪ್ರೋಟೀನನ್ನು ಬಿಗಿ ಹಿಡಿಯುತ್ತೆ. ಹೆಚ್ಚಾದರೆ ತಿಂದದ್ದು ದಕ್ಕುವುದಿಲ್ಲ, ಹಾಲು ಇಳಿಯುತ್ತೆ, ಹಿಕ್ಕೆ ಗಟ್ಟಿ. ಸ್ವಲ್ಪವೇ ಆದರೆ ಲಾಭ. ಸೂಕ್ಷ್ಮಾಣುಗಳು ಹಾಳು ಮಾಡುವ ಮುಂಚೆಯೇ ಒಂದಿಷ್ಟು ಪ್ರೋಟೀನನ್ನು ದೊಡ್ಡ ಹೊಟ್ಟೆ ದಾಟಿಸಿ ಮುಂದಿನ ಕರುಳಿಗೆ ಕಳಿಸುತ್ತೆ, ಹೊಟ್ಟೆ ಹುಳವನ್ನೂ ಒಂದಿಷ್ಟು ಹದ್ದುಬಸ್ತಿನಲ್ಲಿ ಇಡುತ್ತೆ. ಎಷ್ಟು ಒಗರು ಅಂತ ತಿಳಿಯಲು ಎಲೆಯನ್ನೋ ಕಾಯಿಯನ್ನೋ ನೀವೇ ಕಚ್ಚಿ ನೋಡಿ. ನಾಲಿಗೆ ದಪ್ಪ ಆದಂತಾದರೆ ಹಿಡಿ ಲೆಕ್ಕದಲ್ಲಿ ಹಾಕಿ, ಬುಟ್ಟಿ ಲೆಕ್ಕದಲ್ಲಿ ಅಲ್ಲ.

ಹಿಂಡಿ

ನಮ್ಮ ಚಳ್ಳಕೆರೆಗೆ ಎಣ್ಣೆ ಗಾಣದ ಊರು ಅಂತಲೇ ಹೆಸರು. ಹಾಗಾಗಿ ಶೇಂಗಾ ಹಿಂಡಿ ನಮಗೆ ಹತ್ತಿರ. ಪ್ರೋಟೀನ್ ನೂರಕ್ಕೆ ನಲವತ್ತರ ಮೇಲೆ. ಆದರೆ ಬೂಸಲು ಹಿಡಿದ ಹಿಂಡಿಯ ಕಥೆ ಕೇಳಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಹುಡುಕಿದಾಗ ಸಿಕ್ಕಿದ ಕಾರಣ ಬ್ರೆಜಿಲ್‌ನಿಂದ ತರಿಸಿದ ಬೂಸಲು ಶೇಂಗಾ ಹಿಂಡಿ. ಆ ಬೂಸಲಿನ ನಂಜಿಗೇ ಅಫ್ಲಾಟಾಕ್ಸಿನ್ ಅಂತ ಹೆಸರಿಟ್ಟರು. ಹಿಂಡಿ ತಿಂದ ಕುರಿಯ ಹಾಲಿನಲ್ಲೂ ಇದು ಇಳಿಯುತ್ತೆ. ಹಾಲು ಕಾಸಿದರೆ ಹೋಗುವುದಿಲ್ಲ. ಅದಕ್ಕೇ ಹಾಲಿನಲ್ಲಿ ಇದು ಕೆ.ಜಿ.ಗೆ ಅರ್ಧ ಮೈಕ್ರೋಗ್ರಾಂ ದಾಟಬಾರದು ಅಂತ ನಮ್ಮ ದೇಶದ ಕಾನೂನೇ ಇದೆ. ಮೈಕ್ರೋಗ್ರಾಂ ಅಂದರೆ ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲು! ಆ ಹಾಲು ಕುಡಿಯುವುದು ಮರಿ ಮಾತ್ರ ಅಲ್ಲ, ಮನೆಯ ಮಕ್ಕಳೂ ಕುಡಿಯುತ್ತವೆ. ಬಣವೆಯಲ್ಲಿ ಮಳೆಗೆ ನೆಂದ ಶೇಂಗಾ, ಒಳಗೆ ಹಸಿರು-ಹಳದಿ ಬೂಸಲು ಕಂಡ ಹಿಂಡಿ ಇವನ್ನು ಅಗ್ಗ ಅಂತ ತರಬೇಡಿ. ಒಣಗಿಸಿ ಉಜ್ಜಿ ಬೂಸಲು ಉದುರಿಸಿದರೂ ನಂಜು ಒಳಗೇ ಇರುತ್ತೆ.

ಹತ್ತಿಕಾಳು ಹಿಂಡಿ ಹಾಲಿಗೆ ಬೆಣ್ಣೆ ಕೊಡುತ್ತೆ ಅನ್ನುವುದು ನಿಜ. ದೊಡ್ಡ ಕುರಿಗೆ ಮಿತವಾಗಿ ಸರಿ, ಮರಿಗಳಿಗೆ ಬೇಡ. ಅದರಲ್ಲಿರುವ ನಂಜನ್ನು ಎಳೇ ಹೊಟ್ಟೆ ತಡೆಯುವುದಿಲ್ಲ. ಬೇವು, ಹೊಂಗೆ ಹಿಂಡಿ ಹೊಲಕ್ಕೆ ಇರಲಿ.

ನಾವು ಮನೆಯಲ್ಲೇ ಕಲಸುವ ತಿಂಡಿ ಹತ್ತು ಕೆ.ಜಿ.ಗೆ ಹೀಗೆ: ಸಜ್ಜೆ ಅಥವಾ ಮುಸುಕಿನ ಜೋಳದ ನುಚ್ಚು ಮೂರೂವರೆ ಕೆ.ಜಿ., ಶೇಂಗಾ ಹಿಂಡಿ ಎರಡೂವರೆ, ಗೋಧಿ ಬೂಸಾ ಎರಡು, ಬಳ್ಳಾರಿ ಜಾಲಿ ಕಾಯಿ ಪುಡಿ ಒಂದು ಕೆ.ಜಿ. ಎಂಟುನೂರು ಗ್ರಾಂ, ಕುರಿಯ ಖನಿಜ ಮಿಶ್ರಣ ನೂರು ಗ್ರಾಂ, ಉಪ್ಪು ನೂರು ಗ್ರಾಂ. ಒಂಟಿ ಮರಿಯ ಕುರಿಗೆ ದಿನಕ್ಕೆ 200 ಗ್ರಾಂ, ಜೋಡಿ ಮರಿಯದ್ದಕ್ಕೆ 300-350, ಎರಡು ಹೊತ್ತು ಹಂಚಿ. ಜಾಲಿ ಪುಡಿ ಇದರಲ್ಲೇ ಬಂತು, ಮತ್ತೆ ಬೇರೆ ಹಾಕುವುದು ಬೇಡ. ಇದರ ಜತೆಗೆ ಶೇಂಗಾ ಬಳ್ಳಿ, ತೊಗರಿ ಹೊಟ್ಟು, ಒಂದು ಕೆ.ಜಿ.ಯಷ್ಟು ಹಸಿ ಸೊಪ್ಪು. ಹೊಸ ತಿಂಡಿ ಯಾವುದೇ ಇರಲಿ, ಒಂದು ಹಿಡಿಯಿಂದ ಶುರು ಮಾಡಿ ಹತ್ತು ದಿನದಲ್ಲಿ ಏರಿಸಿ. ಸೂಕ್ಷ್ಮಾಣುಗಳು ಹೊಸ ಊಟಕ್ಕೆ ಹೊಂದಬೇಕಲ್ಲ.

ಅಜೋಲಾ ಹಾಕಿ ಅಂತ ಬಹಳ ಜನ ಹೇಳುತ್ತಾರೆ. ಒಣ ಅಜೋಲಾದಲ್ಲಿ ಪ್ರೋಟೀನ್ ಇರುವುದು ನಿಜ. ಆದರೆ ಹಸಿ ಅಜೋಲಾ ಒಂದು ಕೆ.ಜಿ.ಯಲ್ಲಿ 930-950 ಗ್ರಾಂ ನೀರೇ. ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಊರಿನಲ್ಲಿ ತೊಟ್ಟಿ ಕಟ್ಟಿ ಅದನ್ನು ಬೆಳೆಯುವುದಕ್ಕಿಂತ ಬದುವಿನಲ್ಲಿ ನಾಲ್ಕು ನುಗ್ಗೆ ನೆಡುವುದೇ ವಾಸಿ ಅನ್ನೋದು ನನ್ನ ಲೆಕ್ಕ. ನೀರು ಇದ್ದರೆ ಕುರಿಗೆ ಕುಡಿಸಿ. ಹಾಲು ಕೊಡುವ ಕುರಿಗೆ ಬಾಯಾರಿದರೆ ಯಾವ ತಿಂಡಿಯೂ ಹಾಲಾಗುವುದಿಲ್ಲ.

ದನದ ಪುಡಿ ಕುರಿಗೆ ಬೇಡ

ಇದನ್ನು ದಪ್ಪಕ್ಷರದಲ್ಲಿ ಬರೆಯಬೇಕು. ದನದ ಖನಿಜ ಪುಡಿಯಲ್ಲಿ ತಾಮ್ರ ಇರುತ್ತೆ. ದನಕ್ಕೆ ಅದು ಬೇಕು. ಕುರಿ ಮಾತ್ರ ತಾಮ್ರವನ್ನು ಹೊರಗೆ ಹಾಕಲಾರದೆ ಪಿತ್ತಕೋಶದ ಪಕ್ಕದ ಈಲಿಯಲ್ಲಿ ಕೂಡಿಡುತ್ತಾ ಹೋಗುತ್ತೆ. ತಿಂಗಳುಗಟ್ಟಲೆ ಏನೂ ಕಾಣುವುದಿಲ್ಲ, ಬದಲಿಗೆ ಚೆನ್ನಾಗಿಯೇ ಕಾಣುತ್ತೆ. ಒಂದು ದಿನ ಮಳೆಗೆ ನೆಂದೋ, ದೂರ ನಡೆದೋ, ಈಯುವ ಆಯಾಸಕ್ಕೋ ಆ ತಾಮ್ರ ಒಮ್ಮೆಲೇ ರಕ್ತಕ್ಕೆ ನುಗ್ಗುತ್ತೆ. ಕಣ್ಣು ಹಳದಿ, ಉಚ್ಚೆ ಕಾಫಿ ಡಿಕಾಕ್ಷನ್ ಬಣ್ಣ, ಒಂದೆರಡು ದಿನದಲ್ಲಿ ಕುರಿ ಇಲ್ಲ. ಪಕ್ಕದ ಊರಿನಲ್ಲಿ ಒಬ್ಬರ ರೊಪ್ಪದಲ್ಲಿ ಹೀಗೆ ಒಂದೇ ವಾರದಲ್ಲಿ ಆರು ಈದ ಕುರಿ ಹೋದವು. ಸಂತೆಯಲ್ಲಿ "ದನಕ್ಕೂ ಆಗುತ್ತೆ, ಕುರಿಗೂ ಆಗುತ್ತೆ" ಅಂತ ಯಾರೋ ಕೊಟ್ಟ ಪುಡಿ. ಪಶು ಡಾಕ್ಟರು ಬಂದು ಸತ್ತ ಕುರಿಯನ್ನು ಕೊಯ್ದು ನೋಡಿದಾಗ ಮೂತ್ರಪಿಂಡ ಕಪ್ಪು ಲೋಹದ ಬಣ್ಣಕ್ಕೆ ತಿರುಗಿತ್ತು. ತಾಯಿ ಕಳಕೊಂಡ ಮರಿಗಳನ್ನು ಆ ಮನೆಯ ಹೆಂಗಸರು ಮೇಕೆ ಹಾಲು ಬಾಟಲಿಗೆ ಹಾಕಿ ಸಾಕಿದರು. ಚೀಲದ ಮೇಲೆ ಕುರಿಗೆ ಅಂತ ಬರೆದಿರಬೇಕು, ಬರೆಯದಿದ್ದರೆ ಬರೀ ಉಪ್ಪು ಹಾಕಿ. ಕೋಳಿ ತಿಂಡಿ, ಕೋಳಿ ಗೊಬ್ಬರ ಕುರಿ ಬಾಯಿಗೆ ಸಿಗದಂತೆ ನೋಡಿಕೊಳ್ಳುವುದೂ ಇದೇ ಕಾರಣಕ್ಕೆ.

ವಾಸನೆ

ಈರುಳ್ಳಿ ಬೆಲೆ ಬಿದ್ದ ವರ್ಷ ನಮ್ಮ ಕಡೆ ಹೊಲದಲ್ಲೇ ಕುರಿ ಬಿಡುತ್ತಾರೆ. ಈರುಳ್ಳಿ ತಿಂದ ಅರ್ಧ ಗಂಟೆಗೆಲ್ಲ ಹಾಲಿಗೆ ಆ ವಾಸನೆ ಬಂದಿರುತ್ತೆ. ಹೊಟ್ಟೆಯಿಂದ ಮಾತ್ರ ಅಲ್ಲ, ಉಸಿರಿನಿಂದಲೂ ರಕ್ತಕ್ಕೆ ಸೇರಿ ಹಾಲಿಗೆ ಇಳಿಯುತ್ತೆ. ಮರಿಗೆ ಅದರಿಂದ ಬೇಸರವಿಲ್ಲ, ಟೀ ಕುಡಿಯುವವರಿಗೆ ಇದೆ. ಹಾಲು ಕರೆಯುವುದಿದ್ದರೆ ಕರೆದ ಮೇಲೆ ಬಿಡಿ, ಮುಂದಿನ ಸಲ ಕರೆಯುವುದಕ್ಕೆ ಐದಾರು ತಾಸು ಮುಂಚೆ ಹೊಡೆದುಕೊಂಡು ಬನ್ನಿ. ಹೆಚ್ಚು ತಿಂದರೆ ರಕ್ತ ಒಡೆಯುತ್ತೆ. ದನಕ್ಕಿಂತ ಕುರಿ ತಡೆಯುತ್ತೆ ನಿಜ, ಆದರೂ ಬರೀ ಈರುಳ್ಳಿಯಲ್ಲೇ ಮೇಯಿಸುವುದು ಬೇಡ. ಮೆಂತ್ಯ ಹಾಕಿದರೂ ಹಾಲಿಗೆ ಅದರ ವಾಸನೆ ಹಿಡಿಯುತ್ತೆ.

ಮೇಕೆ ಹಾಲು ನಾರುತ್ತೆ ಅನ್ನುವವರು ಹೋತ ಎಲ್ಲಿ ಕಟ್ಟಿದೆ ಅಂತ ಮೊದಲು ನೋಡಲಿ. ಹೋತದ ಮೈ ವಾಸನೆಯನ್ನು ಹಾಲು ಬೇಗ ಹಿಡಿಯುತ್ತೆ. ಹೋತ ದೂರ, ಪಾತ್ರೆ ಶುದ್ಧ, ಕರೆದ ಕೂಡಲೇ ಸೋಸಿ ಕಾಸಿದರೆ ದೂರು ಅರ್ಧ ಕಡಿಮೆ. ಕಾಸುವುದು ವಾಸನೆಗೆ ಮಾತ್ರ ಅಲ್ಲ. ಕಂದು ಹಾಕುವ ರೋಗದ ಕ್ರಿಮಿ ಕುರಿ-ಮೇಕೆಯ ಹಸಿ ಹಾಲಿನಿಂದ ಮನುಷ್ಯರಿಗೆ ಬಂದು ತಿಂಗಳುಗಟ್ಟಲೆ ಜ್ವರ, ಕೀಲುನೋವು ಕೊಡುತ್ತೆ. ಹಸಿ ಹಾಲೇ ಶಕ್ತಿ ಅನ್ನುವ ಮಾತನ್ನು ಯಾರು ಹೇಳಿದರೂ ನಂಬಬೇಡಿ.

ತಿಂಡಿ ಹಿಡಿಯಿತೋ ಇಲ್ಲವೋ ತಿಳಿಯಲು ಹಾಲು ಅಳೆಯಲು ಹೋಗಬೇಡಿ, ಮರಿ ಕುಡಿದುಬಿಟ್ಟಿರುತ್ತೆ. ಒಂದು ತೂಗುಹಾಕುವ ಸ್ಪ್ರಿಂಗ್ ತಕ್ಕಡಿ ತನ್ನಿ. ಮರಿಯನ್ನು ಚೀಲದಲ್ಲಿ ಕೂರಿಸಿ ವಾರಕ್ಕೊಮ್ಮೆ, ಬೆಳಗ್ಗೆ ಹಾಲು ಕುಡಿಯುವ ಮುಂಚೆ ತೂಗಿ, ಗೋಡೆಗೆ ಇದ್ದಿಲಲ್ಲಿ ಬರೆಯಿರಿ. ವಾರಕ್ಕೆ 700 ಗ್ರಾಂ ಏರಿದ್ದರೆ ತಾಯಿ ದಿನಾ ಅರ್ಧ ಲೀಟರ್ ಕುಡಿಸಿದೆ ಅಂತ ಲೆಕ್ಕ. ಜೋಡಿಯಲ್ಲಿ ಒಂದು ಏರಿ ಇನ್ನೊಂದು ನಿಂತಿದ್ದರೆ ತಿಂಡಿಯ ತಪ್ಪಲ್ಲ, ಕೆಚ್ಚಲು ಮುಟ್ಟಿ ನೋಡಿ. ಒಂದು ಮೊಲೆ ಬಿಸಿಯಾಗಿಯೋ ಗಂಟಾಗಿಯೋ ಇರುತ್ತೆ. ಅದಕ್ಕೆ ಬೇಕಾದದ್ದು ಹಿಂಡಿಯಲ್ಲ, ಡಾಕ್ಟರು. ಆ ಮರಿಯನ್ನು ಅದೇ ದಿನ ಮೇಕೆಗೆ ಬಿಡಿ.